ರಿಪೋರ್ಟಿನಲ್ಲಿ ಟ್ರಿಪಲ್ ನೆಗೆಟಿವ್ ಅಂತ ಉಂಟು, ಗಡ್ಡೆ ಯಾವ ಜಾತಿಯದ್ದು ಅಂತ ಇನ್ನೂ ಗೊತ್ತಿಲ್ಲ. ಕೀಮೋ ಶುರು ಮಾಡಬೇಕಾ?

ಬಾರ್ಕೂರು ಹುಡುಗಿ

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಮ್ಮನ ವಿಷಯ. ವಯಸ್ಸು 58. ಎಡ ಸ್ತನದಲ್ಲಿ, ತೊಟ್ಟಿನ ಹತ್ತಿರವೇ ಒಂದು ಗಂಟು. ಮುಟ್ಟಿದರೆ ನೋವು. ನೋವು ಇದ್ದರೆ ಕ್ಯಾನ್ಸರ್ ಅಲ್ಲ ಅಂತ ನೆರೆಮನೆಯವರು ಹೇಳಿದ್ದನ್ನು ನಂಬಿ ತುಂಬಾ ಸಮಯ ಯಾರಿಗೂ ಹೇಳದೆ ಇದ್ದರು. ಕೊನೆಗೆ ಮಗಳು ಜೋರು ಮಾಡಿ ಕರೆದುಕೊಂಡು ಹೋದಳು. ಮ್ಯಾಮೊಗ್ರಾಮ್, ಅಲ್ಟ್ರಾಸೌಂಡ್, ಸೂಜಿ ಬಯಾಪ್ಸಿ ಎಲ್ಲ ಆಯ್ತು. ಗಂಟು 2.1 ಸೆಂ.ಮೀ. ಕಂಕುಳಲ್ಲಿ ಏನೂ ಕಾಣಿಸಿಲ್ಲ.

ರಿಪೋರ್ಟಿನಲ್ಲಿ ಬರೆದದ್ದು ಹೀಗೆ: ಕ್ರಿಬ್ರಿಫಾರ್ಮ್ ವಿನ್ಯಾಸದ ಇನ್ವೇಸಿವ್ ಕಾರ್ಸಿನೋಮ, ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ ಇರುವ ಸಾಧ್ಯತೆಯನ್ನು ಪರಿಶೀಲಿಸಬೇಕು. ಅದರ ಕೆಳಗೆ ಇಆರ್ ನೆಗೆಟಿವ್, ಪಿಆರ್ ನೆಗೆಟಿವ್, ಹರ್-2 ನೆಗೆಟಿವ್. ಇಆರ್, ಪಿಆರ್ ಅಂದರೆ ಹಾರ್ಮೋನ್ ಹಿಡಿಯುವ ಪ್ರೋಟೀನ್, ಹರ್-2 ಕೋಶ ಬೆಳೆಸುವ ಪ್ರೋಟೀನ್ ಅಂತೆ, ಮೂರೂ ಇಲ್ಲದ್ದಕ್ಕೆ ಟ್ರಿಪಲ್ ನೆಗೆಟಿವ್ ಅನ್ನುತ್ತಾರಂತೆ.

ಒಬ್ಬ ಡಾಕ್ಟರು ಇದು ಟ್ರಿಪಲ್ ನೆಗೆಟಿವ್, ಮೊದಲು ಕೀಮೋ, ಮುಂದಿನ ವಾರವೇ ಶುರು ಮಾಡುವ ಅಂದರು. ಮಂಗಳೂರಿನಲ್ಲಿ ಇನ್ನೊಬ್ಬರಿಗೆ ತೋರಿಸಿದೆವು. ಅವರು ರಿಪೋರ್ಟನ್ನು ಓದಿ, ಮೊದಲು ಇದರ ಜಾತಿ ಗೊತ್ತಾಗಲಿ, ಇದು ಅಡಿನಾಯ್ಡ್ ಸಿಸ್ಟಿಕ್ ಆದರೆ ಕೀಮೋನೇ ಬೇಡದಿರಬಹುದು ಅಂದರು. ಈಗ ಮನೆಯಲ್ಲಿ ಎರಡು ಪಕ್ಷ. ಚಿಕ್ಕಪ್ಪ ಯಾವುದು ಬೇಗ ಶುರುವಾಗುತ್ತದೋ ಅದನ್ನೇ ಮಾಡುವ ಅನ್ನುತ್ತಾರೆ. ಚಿಕ್ಕಮ್ಮ ನನ್ನ ಮುಖ ನೋಡುತ್ತಾರೆ. ನಾನು ಕಾಮರ್ಸ್ ಓದಿದವಳು ಮಾರಾಯ್ರೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಕದ್ರಿ77

ಟ್ರಿಪಲ್ ನೆಗೆಟಿವ್ ಅಂದರೆ ಜೋರಿನದ್ದು. ನಮ್ಮ ಅತ್ತಿಗೆಗೂ ಅದೇ ಆಗಿತ್ತು. ಮೊದಲು ಕೀಮೋ, ಆಮೇಲೆ ಆಪರೇಷನ್. ಈಗ ಆರಾಮಾಗಿ ಅಂಗನವಾಡಿ ಕೆಲಸಕ್ಕೆ ಹೋಗುತ್ತಾರೆ. ಇದರಲ್ಲಿ ಯೋಚನೆ ಮಾಡಿಕೊಂಡು ಕೂರಬೇಡಿ, ತಡ ಆದರೆ ಕಷ್ಟ.

ಮೈಕ್ರೋಸ್ಕೋಪ್ ಮಾಮ

ನಾನು ಪೆಥಾಲಜಿಯಲ್ಲಿ ಇದ್ದವ. ಈಗ ರಿಟೈರ್ಡ್, ಪರ್ಕಳದಲ್ಲಿ ತೋಟ ನೋಡಿಕೊಂಡಿದ್ದೇನೆ. ಚಿಕ್ಕಮ್ಮನ ಸ್ಲೈಡ್, ಅಂದರೆ ಗಾಜಿನ ಪಟ್ಟಿಯ ಮೇಲೆ ಹಾಕಿದ ಬಯಾಪ್ಸಿ ಪದರ, ನಾನು ನೋಡಿಲ್ಲ. ಹಾಗಾಗಿ ಇದು ಯಾವುದು ಅಂತ ಹೇಳುವುದಿಲ್ಲ. ಗೊಂದಲ ಎಲ್ಲಿಂದ ಬರುತ್ತದೆ ಅಂತ ಹೇಳಬಲ್ಲೆ.

ಕದ್ರಿಯವರು ಹೇಳಿದ್ದು ಸಾಮಾನ್ಯವಾಗಿ ಸರಿ. ಟ್ರಿಪಲ್ ನೆಗೆಟಿವ್ ಗಡ್ಡೆಗಳಲ್ಲಿ ಹೆಚ್ಚಿನವು ಜೋರಿನವೇ. ಅವಕ್ಕೆ ಸಾಮಾನ್ಯವಾಗಿ ಕೀಮೋ ಬೇಕು. ಆದರೆ ಅದೇ ಗುಂಪಿನಲ್ಲಿ ಸ್ವಭಾವ ಪೂರ್ತಿ ಬೇರೆ ಇರುವ ಒಂದೆರಡು ಗಡ್ಡೆಗಳು ಸೇರಿಕೊಂಡಿವೆ. ಅಡಿನಾಯ್ಡ್ ಸಿಸ್ಟಿಕ್ ಅದರಲ್ಲಿ ಒಂದು. ಸ್ತನ ಕ್ಯಾನ್ಸರಿನ ಸಾವಿರ ಕೇಸಿನಲ್ಲಿ ಒಂದೂ ಸಿಗುವುದು ಕಷ್ಟ, ಅಷ್ಟು ಅಪರೂಪ. ಮೂರು ಟೆಸ್ಟೂ ನೆಗೆಟಿವ್ ಬರುತ್ತವೆ. ಆದರೂ ಇದರ ಸಾಮಾನ್ಯ ರೂಪ ಕಂಕುಳಿಗೆ ಹಬ್ಬುವುದು ತೀರಾ ಕಡಿಮೆ. ಹತ್ತು ವರ್ಷದ ನಂತರವೂ ಬದುಕಿರುವವರು ಶೇ. 90ಕ್ಕಿಂತ ಜಾಸ್ತಿ. ತೊಟ್ಟಿನ ಸುತ್ತಮುತ್ತ ಬರುವುದು, ಮುಟ್ಟಿದರೆ ನೋಯುವುದು, ಐವತ್ತು ಅರವತ್ತರ ವಯಸ್ಸು, ಇದೆಲ್ಲ ಅದಕ್ಕೆ ಹೊಂದುತ್ತದೆ. ಆದರೆ ಇದನ್ನೇ ಹಿಡಿದುಕೊಂಡು ನಿರ್ಧಾರ ಮಾಡಲಿಕ್ಕೆ ಆಗುವುದಿಲ್ಲ. ಸ್ಲೈಡೇ ಹೇಳಬೇಕು.

ಸ್ಲೈಡಿನಲ್ಲಿ ಕಾಣುವುದೇನು? ಕೋಶಗಳ ಗುಂಪು, ಅದರ ತುಂಬ ದುಂಡು ದುಂಡು ತೂತು. ಕಾವಲಿಯ ಮೇಲಿನ ನೀರುದೋಸೆ ಹೇಗಿರುತ್ತದೋ ಹಾಗೆ. ಕ್ರಿಬ್ರಿಫಾರ್ಮ್ ಕಾರ್ಸಿನೋಮ ಅಂತ ಇನ್ನೊಂದು ಉಂಟು, ಅದೂ ಹೀಗೇ ಕಾಣುತ್ತದೆ. ನಾಳದ ಒಳಗೇ ಇರುವ ಕ್ಯಾನ್ಸರ್, ಅಂದರೆ ಡಿಸಿಐಎಸ್, ಅದರಲ್ಲೂ ಈ ರೂಪ ಉಂಟು. ಕ್ಯಾನ್ಸರೇ ಅಲ್ಲದ ಕೊಲ್ಯಾಜಿನಸ್ ಸ್ಫೆರುಲೋಸಿಸ್ ಕೂಡ ಹಾಗೇ. ನಾಲ್ಕೂ ಒಂದೇ ತರ ತೂತು ತೂತು. ಸೂಜಿ ಬಯಾಪ್ಸಿಯಲ್ಲಿ ಸಿಗುವುದು ನೂಲಿನಷ್ಟು ಸಪೂರ ಚೂರು. ಅಷ್ಟರಲ್ಲಿ "ಪರಿಶೀಲಿಸಬೇಕು" ಅಂತ ಬರೆದ ಡಾಕ್ಟರು ಜವಾಬ್ದಾರಿಯಿಂದಲೇ ಬರೆದಿದ್ದಾರೆ.

ತೂತುಗಳ ಒಳಗೆ ನೋಡಬೇಕು. ಅಡಿನಾಯ್ಡ್ ಸಿಸ್ಟಿಕ್‌ನಲ್ಲಿ ಎರಡು ಬಗೆಯ ತೂತು ಇರುತ್ತವೆ. ದೊಡ್ಡವು ನಿಜವಾದ ತೂತೇ ಅಲ್ಲ. ಒಳಗೆ ನೀಲಿ ಛಾಯೆಯ ಲೋಳೆ ಅಥವಾ ಗುಲಾಬಿ ಬಣ್ಣದ ಉಂಡೆ ತುಂಬಿರುತ್ತದೆ. ಸುತ್ತ ಚಿಕ್ಕ, ಕಪ್ಪಗಿನ, ಮೂಲೆ ಮೂಲೆಯಾದ ಕೋಶಗಳು. ಅವುಗಳ ನಡುವೆ ಹುಡುಕಿದರೆ ಬಹಳ ಸಣ್ಣ ನಿಜವಾದ ಗ್ರಂಥಿಗಳು ಸಿಗುತ್ತವೆ. ಅವುಗಳ ಕೋಶ ಸ್ವಲ್ಪ ದೊಡ್ಡದು, ಹೆಚ್ಚು ಗುಲಾಬಿ. ಅಂದರೆ ಎರಡು ಜಾತಿಯ ಕೋಶ. ಕ್ರಿಬ್ರಿಫಾರ್ಮ್ ಕಾರ್ಸಿನೋಮದಲ್ಲಿ ಒಂದೇ ಜಾತಿ, ಎಲ್ಲ ತೂತೂ ಒಂದೇ ತರ. ಇನ್ನೊಂದು ದೊಡ್ಡ ಗುರುತು, ಅದರಲ್ಲಿ ಇಆರ್ ಸಾಮಾನ್ಯವಾಗಿ ಗಟ್ಟಿಯಾಗಿ ಪಾಸಿಟಿವ್ ಬರುತ್ತದೆ. ಹಾಗಾಗಿ "ಕ್ರಿಬ್ರಿಫಾರ್ಮ್, ಇಆರ್ ನೆಗೆಟಿವ್" ಅಂತ ಒಟ್ಟಿಗೆ ಕಂಡರೆ ಪೆಥಾಲಜಿಸ್ಟ್ ಒಮ್ಮೆ ನಿಂತು ನೋಡಲೇಬೇಕು.

ಕೋಶದಲ್ಲಿ ಒಂದೊಂದು ಪ್ರೋಟೀನ್ ಉಂಟಾ ಅಂತ ಬಣ್ಣ ಹಾಕಿ ನೋಡುವುದಕ್ಕೆ ಐಎಚ್‌ಸಿ ಅನ್ನುತ್ತಾರೆ, ಇಆರ್ ನೋಡುವುದೂ ಹಾಗೆಯೇ. ಇದನ್ನು ಖಾತ್ರಿ ಮಾಡಲಿಕ್ಕೆ ಐಎಚ್‌ಸಿಯಲ್ಲೇ ಬೇರೆ ಬಣ್ಣದ ಟೆಸ್ಟುಗಳು ಉಂಟು. ಸಿಡಿ117 ಒಳಗಿನ ಗ್ರಂಥಿ ಕೋಶಗಳಲ್ಲಿ ಕಂದು ಬಣ್ಣ ಕೊಡುತ್ತದೆ, ಪಿ63 ಹೊರಗಿನ ಚಿಕ್ಕ ಕೋಶಗಳ ನ್ಯೂಕ್ಲಿಯಸ್‌ಗೆ ಬಣ್ಣ ಕೊಡುತ್ತದೆ. ಇಲ್ಲಿ ಒಂದು ಜಾರುವ ಜಾಗ ಉಂಟು. ಡಿಸಿಐಎಸ್‌ನಲ್ಲೂ ಪಿ63 ಬರುತ್ತದೆ, ಆದರೆ ಗುಂಪಿನ ಹೊರ ಅಂಚಿಗೆ ಮಾತ್ರ, ಉಂಗುರದ ಹಾಗೆ. ಅಡಿನಾಯ್ಡ್ ಸಿಸ್ಟಿಕ್‌ನಲ್ಲಿ ಗುಂಪಿನ ಒಳಗೆಲ್ಲ ಚದುರಿರುತ್ತದೆ. ಪಿ63 ಪಾಸಿಟಿವ್ ಅಂತ ಬರೀ ಒಂದು ಸಾಲು ಓದಿದರೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಸಿಡಿ117 ಒಂದನ್ನೇ ನಂಬುವುದೂ ತಪ್ಪು, ಸಾಮಾನ್ಯ ಟ್ರಿಪಲ್ ನೆಗೆಟಿವ್ ಕೆಲವು ಗಡ್ಡೆಗಳಲ್ಲೂ ಅದು ಬರುತ್ತದೆ. ಕೊಲ್ಯಾಜಿನಸ್ ಸ್ಫೆರುಲೋಸಿಸ್ ಬೇರೆ ಮಾಡಲಿಕ್ಕೆ ಕ್ಯಾಲ್ಪೊನಿನ್, ಸ್ಮೂತ್ ಮಸಲ್ ಮಯೋಸಿನ್ ಎಂಬ ಇನ್ನೆರಡು ಬಣ್ಣ ಹಾಕುತ್ತಾರೆ. ಅಲ್ಲಿ ಎರಡೂ ಚೆನ್ನಾಗಿ ಬರುತ್ತವೆ, ಅಡಿನಾಯ್ಡ್ ಸಿಸ್ಟಿಕ್‌ನಲ್ಲಿ ಸಾಮಾನ್ಯವಾಗಿ ಬರುವುದಿಲ್ಲ.

ಕೇಳಬೇಕಾದ್ದು ಇಷ್ಟೇ: ಗಡ್ಡೆಯ ಜಾತಿ ತೀರ್ಮಾನ ಆಗಿದೆಯಾ? ಆಗದಿದ್ದರೆ ಯಾವ ಟೆಸ್ಟ್ ಬಾಕಿ?

ಕುಂದಾಪ್ರದವ

ಈ ಹೆಸರು ಓದಿ ಎದೆ ಧಸಕ್ ಅಂತು. ನಮ್ಮ ದೊಡ್ಡಪ್ಪನಿಗೆ ಬಾಯಿಯ ಅಂಗುಳದಲ್ಲಿ ಗಡ್ಡೆ ಆಗಿತ್ತು. ಅದರ ಹೆಸರೂ ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ. ಆಪರೇಷನ್ ಆಯ್ತು, ರೇಡಿಯೇಷನ್ ಆಯ್ತು, ಎಷ್ಟೋ ವರ್ಷ ಚೆನ್ನಾಗಿದ್ದರು. ಆಮೇಲೆ ಶ್ವಾಸಕೋಶದಲ್ಲಿ ಬಂತು. ಈಗ ಇಲ್ಲ. ನೀವು ಇದನ್ನು ಒಳ್ಳೆ ಕ್ಯಾನ್ಸರ್ ಅನ್ನುವ ಹಾಗೆ ಬರೆದಿದ್ದೀರಿ, ಅದು ಹೇಗೆ? ಹೆಸರು ಒಂದೇ, ಅಲ್ವಾ?

ಮೈಕ್ರೋಸ್ಕೋಪ್ ಮಾಮ

ಕೇಳಿ ಬೇಸರ ಆಯ್ತು. ಪ್ರಶ್ನೆ ಸರಿಯಾದ್ದೇ. ಈ ಗಡ್ಡೆ ಹೆಚ್ಚಾಗಿ ಬರುವುದು ಜೊಲ್ಲು ಗ್ರಂಥಿಗಳಲ್ಲಿ, ಬಾಯಿಯ ಅಂಗುಳ ಅದರಲ್ಲಿ ಸೇರಿತು. ಅಲ್ಲಿ ಅದು ನರದ ಗುಂಟ ಹರಿದುಕೊಂಡು ಹೋಗುತ್ತದೆ. ಸರ್ಜನ್ ಎಷ್ಟು ಅಗಲ ತೆಗೆದರೂ ಎಲ್ಲೋ ಸ್ವಲ್ಪ ಉಳಿಯಬಹುದು. ಜಾಗವೂ ಇಕ್ಕಟ್ಟು. ಸ್ತನದಲ್ಲಿ ಸುತ್ತ ಅಂಚು ಬಿಟ್ಟು ಪೂರ್ತಿ ತೆಗೆಯಲಿಕ್ಕೆ ಜಾಗ ಉಂಟು, ನರಕ್ಕೆ ಹೋಗುವುದೂ ಕಡಿಮೆ. ಮೈಕ್ರೋಸ್ಕೋಪಿನಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಬಾಯಿಯದ್ದು, ಯಾವುದು ಸ್ತನದ್ದು ಅಂತ ನನಗೂ ಹೇಳಲಿಕ್ಕೆ ಆಗದು. ಒಳಗಿನ ಜೀನ್ ಬದಲಾವಣೆಯೂ ಒಂದೇ. 6ನೇ ಮತ್ತು 9ನೇ ಕ್ರೋಮೋಸೋಮುಗಳ ತುಂಡು ಅದಲು ಬದಲಾಗಿ ಎಂವೈಬಿ ಮತ್ತು ಎನ್‌ಎಫ್‌ಐಬಿ ಎಂಬ ಎರಡು ಜೀನ್ ಅಂಟಿಕೊಳ್ಳುತ್ತವೆ. 2009ರಲ್ಲಿ ಸ್ವೀಡನ್ನಿನ ಸಂಶೋಧಕರು ಎರಡೂ ಜಾಗದ ಗಡ್ಡೆಗಳಲ್ಲಿ ಇದನ್ನು ತೋರಿಸಿದರು. ಫಿಶ್ ಅಂತ, ಕ್ರೋಮೋಸೋಮಿಗೆ ಹೊಳೆಯುವ ಬಣ್ಣ ಹಚ್ಚಿ ನೋಡುವ ಟೆಸ್ಟ್ ಮಾಡಿ ಇದನ್ನು ಹುಡುಕುತ್ತಾರೆ. ಬಂದರೆ ದೊಡ್ಡ ಆಧಾರ. ಬಾರದಿದ್ದರೆ ಅಡಿನಾಯ್ಡ್ ಸಿಸ್ಟಿಕ್ ಅಲ್ಲ ಅಂತ ಅರ್ಥ ಅಲ್ಲ, ಎಲ್ಲ ಗಡ್ಡೆಗಳಲ್ಲೂ ಅದು ಇರುವುದಿಲ್ಲ.

ಒಳ್ಳೆ ಕ್ಯಾನ್ಸರ್ ಅಂತ ನಾನು ಹೇಳಲಿಲ್ಲ, ಹೇಳುವುದೂ ಇಲ್ಲ. ಸ್ತನದ್ದೂ ಅಪರೂಪಕ್ಕೆ ವರ್ಷಗಳ ನಂತರ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳಬಹುದು. ಇದರಲ್ಲೇ ಸಾಲಿಡ್ ಬೇಸಲಾಯ್ಡ್ ಅಂತ ಇನ್ನೊಂದು ರೂಪ ಉಂಟು. ತೂತು ಕಡಿಮೆ, ಕೋಶಗಳೆಲ್ಲ ಒತ್ತೊತ್ತಾಗಿ ತುಂಬಿರುತ್ತವೆ. ಅದು ಸ್ವಲ್ಪ ಜೋರು, ಕಂಕುಳಿಗೆ ಹೋಗುವುದೂ ಜಾಸ್ತಿ. ಅಲ್ಲಿ ಕೀಮೋ ಮಾತು ಬರಬಹುದು. ಹಾಗಾಗಿ "ಅಡಿನಾಯ್ಡ್ ಸಿಸ್ಟಿಕ್" ಅಂತ ಬಂದ ಮೇಲೂ ಯಾವ ರೂಪ ಅಂತ ಕೇಳಬೇಕು.

ಸುರತ್ಕಲ್ ಸಿಸ್ಟರ್

ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ ಮಾಡುವವಳು. ಓಡಾಟದ ವಿಷಯ ನಾನು ಹೇಳುತ್ತೇನೆ.

ರಿಪೋರ್ಟಿನ ಜೆರಾಕ್ಸ್ ಹಿಡಿದುಕೊಂಡು ಊರೂರು ತಿರುಗಿದರೆ ಪ್ರಯೋಜನ ಇಲ್ಲ. ಎರಡನೇ ಅಭಿಪ್ರಾಯ ಅಂದರೆ ಬೇರೆ ಪೆಥಾಲಜಿಸ್ಟ್ ಕಣ್ಣಿಟ್ಟು ನೋಡಬೇಕು. ಅದಕ್ಕೆ ಸ್ಲೈಡ್ ಬೇಕು, ಬ್ಲಾಕ್ ಬೇಕು. ಬ್ಲಾಕ್ ಅಂದರೆ ಬಯಾಪ್ಸಿ ಚೂರನ್ನು ಮೇಣದಲ್ಲಿ ಕೂರಿಸಿದ್ದು, ಬೆಂಕಿಪೆಟ್ಟಿಗೆಗಿಂತ ಚಿಕ್ಕ ಪ್ಲಾಸ್ಟಿಕ್ ಚೌಕ, ಬದಿಯಲ್ಲಿ ನಂಬರ್ ಬರೆದಿರುತ್ತದೆ. ಹೊಸ ಟೆಸ್ಟ್ ಮಾಡಬೇಕಾದರೆ ಅದರಿಂದಲೇ ಸಪೂರ ಪದರ ಕತ್ತರಿಸುತ್ತಾರೆ. ಸ್ಲೈಡ್ ಮಾತ್ರ ಕೊಂಡುಹೋದರೆ ನೋಡಿ ಹೇಳಬಹುದು, ಹೊಸ ಬಣ್ಣ ಹಾಕಲಿಕ್ಕೆ ಆಗುವುದಿಲ್ಲ.

ತೆಗೆದುಕೊಳ್ಳುವಾಗ ಬ್ಲಾಕಿನ ನಂಬರೂ ರಿಪೋರ್ಟಿನ ನಂಬರೂ ಒಂದೇ ಉಂಟಾ ನೋಡಿ. ಸ್ಲೈಡನ್ನು ಡಬ್ಬಿಯಲ್ಲೇ ಕೊಡಲಿಕ್ಕೆ ಹೇಳಿ, ಪೇಪರಿನಲ್ಲಿ ಸುತ್ತಿದರೆ ಒಡೆಯುತ್ತದೆ. ಬ್ಲಾಕನ್ನು ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಡಬೇಡಿ, ಮೇಣ ಅಲ್ವಾ. ನಮ್ಮ ಏಪ್ರಿಲ್ ಮೇ ಸೆಕೆ ಹೇಗೆ ಅಂತ ನಿಮಗೆ ಗೊತ್ತುಂಟು.

ಇನ್ನೊಂದು. ಬಯಾಪ್ಸಿ ಚೂರು ಫಾರ್ಮಲಿನ್‌ನಲ್ಲಿ ಎಷ್ಟು ಹೊತ್ತು ಇತ್ತು ಅಂತ ರಿಪೋರ್ಟಿನಲ್ಲಿ ಬರೆದಿದ್ದಾರಾ ನೋಡಿ. 6 ಗಂಟೆಗಿಂತ ಕಡಿಮೆ ಆದರೂ, 72 ಗಂಟೆಗಿಂತ ಜಾಸ್ತಿ ಆದರೂ ಇಆರ್ ಫಲಿತಾಂಶದ ಮೇಲೆ ಸಂಶಯ ಬರುತ್ತದೆ. ಇಲ್ಲಿ ಇಡೀ ಪ್ರಶ್ನೆ ಇಆರ್ ನೆಗೆಟಿವ್ ಅನ್ನುವುದರ ಮೇಲೆ ನಿಂತಿದೆ, ಹಾಗಾಗಿ ಹೇಳಿದೆ.

ಆಯುಷ್ಮಾನ್ ಕಾರ್ಡ್ ಇದ್ದರೆ ಚಿಕಿತ್ಸೆ ಶುರು ಮಾಡುವ ಮುಂಚೆಯೇ ಆಸ್ಪತ್ರೆಯ ಕೌಂಟರಿನಲ್ಲಿ ಕೇಳಿ. ಆಮೇಲೆ ಕೇಳಿದರೆ ಸುಮ್ನೆ ಅಲೆದಾಟ.

ಬಾರ್ಕೂರು ಹುಡುಗಿ

ಮಾಮ, ಸಿಸ್ಟರ್, ಇಬ್ಬರಿಗೂ ದೊಡ್ಡ ನಮಸ್ಕಾರ. ಮಾಮ ಬರೆದದ್ದನ್ನು ಚಿಕ್ಕಮ್ಮನಿಗೆ ಓದಿ ಹೇಳಿದೆ. ನೀರುದೋಸೆ ಅಂದಾಗ ನಕ್ಕರು. ಅವರು ನಕ್ಕದ್ದನ್ನು ನೋಡದೆ ಎಷ್ಟು ಸಮಯ ಆಗಿತ್ತು.

ಇವತ್ತು ಬ್ಲಾಕ್ ಕೇಳಲಿಕ್ಕೆ ಲ್ಯಾಬಿಗೆ ಹೋದರೆ ಕೌಂಟರಿನಲ್ಲಿದ್ದವರು ಅದು ನಮ್ಮ ಆಸ್ತಿ, ಹೊರಗೆ ಕೊಡುವ ಕ್ರಮ ಇಲ್ಲ ಅಂದರು. ಯಾಕೆ ನಮ್ಮ ಮೇಲೆ ನಂಬಿಕೆ ಇಲ್ವಾ ಅಂತಲೂ ಕೇಳಿದರು. ನನಗೆ ಎಂತ ಹೇಳುವುದು ಅಂತ ಗೊತ್ತಾಗಲಿಲ್ಲ. ವಾಪಸ್ ಬಂದೆ.

ಸುರತ್ಕಲ್ ಸಿಸ್ಟರ್

ಕೌಂಟರಿನವರ ಹತ್ತಿರ ವಾದ ಮಾಡಬೇಡಿ. ಸೀದಾ ರಿಪೋರ್ಟಿಗೆ ಸಹಿ ಹಾಕಿದ ಡಾಕ್ಟರನ್ನು ಕೇಳಿ. ಹತ್ತರಲ್ಲಿ ಒಂಬತ್ತು ಜನ ಕೊಡುತ್ತಾರೆ, ವಾಪಸ್ ತಂದುಕೊಡಿ ಅಂತ ಸಹಿ ತೆಗೆದುಕೊಳ್ಳುತ್ತಾರೆ, ಅಷ್ಟೆ. "ಪರಿಶೀಲಿಸಬೇಕು" ಅಂತ ಅವರೇ ಬರೆದಿದ್ದಾರಲ್ಲ.

ಮುಂಬೈ ಹೋಟೆಲಿನವ

ನಾನು ಹೆಬ್ರಿ ಕಡೆಯವ, ಈಗ ದಾದರ್‌ನಲ್ಲಿ. ಊರಿನಿಂದ ಟಾಟಾ ಆಸ್ಪತ್ರೆಗೆ ಬರುವವರಿಗೆ ನಮ್ಮ ಹೋಟೆಲಿನ ಹುಡುಗರು ದಾರಿ ತೋರಿಸಿ ಅಭ್ಯಾಸ ಆಗಿಬಿಟ್ಟಿದೆ. ಪರೇಲ್ ಇಲ್ಲಿಂದ ಹತ್ತಿರವೇ. ಟಾಟಾದಲ್ಲಿ ಹೊರಗಿನ ಸ್ಲೈಡ್, ಬ್ಲಾಕ್ ನೋಡಿ ಅಭಿಪ್ರಾಯ ಕೊಡುತ್ತಾರೆ. ಅಪರೂಪದ ಗಡ್ಡೆಗಳನ್ನು ಅಲ್ಲಿ ದಿನಾ ನೋಡುತ್ತಾರೆ. ಪೇಷಂಟಿನ ಬದಲು ಮನೆಯವರು ಬಂದರೆ ನಡೆಯುತ್ತದಾ ಅಂತ ಮೊದಲೇ ವಿಚಾರಿಸಿಕೊಂಡು ಹೊರಡಿ. ಮತ್ಸ್ಯಗಂಧ ರೈಲು ಹತ್ತಿದರೆ ಮರುದಿನ ಬೆಳಿಗ್ಗೆ ಕುರ್ಲಾದಲ್ಲಿ ಇರುತ್ತೀರಿ.

ಆದರೆ ಹಠ ಮಾಡಿ ಮುಂಬೈಗೇ ಬರಬೇಕು ಅಂತಿಲ್ಲ. ಮಣಿಪಾಲ, ಮಂಗಳೂರಿನಲ್ಲಿ ಅಷ್ಟೊಂದು ಮೆಡಿಕಲ್ ಕಾಲೇಜುಗಳು ಉಂಟು. ಬೆಂಗಳೂರಿನಲ್ಲಿ ಕಿದ್ವಾಯಿ ಉಂಟು. ಹತ್ತಿರದಲ್ಲೇ ಆದರೆ ಊಟ ತಿಂಡಿಗೆ, ಮಲಗಲಿಕ್ಕೆ ಖರ್ಚು ಇಲ್ಲ.

ಕದ್ರಿ77

ಎಲ್ಲ ಸರಿ. ಆದರೆ ಇಲ್ಲಿ ಬ್ಲಾಕು, ಅಲ್ಲಿ ಟೆಸ್ಟು, ಮುಂಬೈ ರೈಲು ಅಂತ ಸಮಯ ಹೋಗುತ್ತಾ ಇದೆ. ಅಡಿನಾಯ್ಡ್ ಅಲ್ಲ, ಸಾಮಾನ್ಯ ಟ್ರಿಪಲ್ ನೆಗೆಟಿವ್ವೇ ಅಂತ ಬಂದರೆ? ಆಗ ಈ ಹೋದ ದಿನಗಳಿಗೆ ಯಾರು ಹೊಣೆ? ಇಂಟರ್ನೆಟ್ಟಿನಲ್ಲಿ ಬರೆಯುವುದು ಸುಲಭ.

ಮೈಕ್ರೋಸ್ಕೋಪ್ ಮಾಮ

ಕದ್ರಿಯವರ ಹೆದರಿಕೆ ಸುಳ್ಳಲ್ಲ. ನಾನು ಅದನ್ನು ತಳ್ಳಿ ಹಾಕುವುದಿಲ್ಲ. ತಿಂಗಳುಗಟ್ಟಲೆ ಎಳೆದರೆ ಖಂಡಿತ ತಪ್ಪು. ಆದರೆ ಬ್ಲಾಕ್ ಕೈಗೆ ಸಿಕ್ಕಿದರೆ ಈ ಐಎಚ್‌ಸಿ ಟೆಸ್ಟುಗಳು ಕೆಲವು ದಿನದ ಕೆಲಸ. ಆ ಹೊತ್ತಿನಲ್ಲಿ ಸ್ಕ್ಯಾನ್, ರಕ್ತ ಪರೀಕ್ಷೆ, ಹಾರ್ಟ್ ಎಕೋ ಎಲ್ಲ ಮುಗಿಸಿಡಬಹುದು. ಹೇಗೂ ಅದೆಲ್ಲ ಬೇಕಾಗುತ್ತದೆ. ಯಾವ ದಾರಿಗೆ ಹೋದರೂ ಒಂದು ದಿನವೂ ವ್ಯರ್ಥ ಆಗದ ಹಾಗೆ ಮಾಡಿಕೊಳ್ಳಲಿಕ್ಕೆ ಆಗುತ್ತದೆ.

ಇನ್ನೊಂದು ಬದಿಯನ್ನೂ ನೋಡಿ. ಅಡಿನಾಯ್ಡ್ ಸಿಸ್ಟಿಕ್‌ನ ಸಾಮಾನ್ಯ ರೂಪ ನಿಧಾನ ಬೆಳೆಯುವಂಥದ್ದು. ಕೀಮೋ ಕೆಲಸ ಮಾಡುವುದು ಬೇಗ ಬೇಗ ಒಡೆಯುವ ಕೋಶಗಳ ಮೇಲೆ. ಇದಕ್ಕೆ ಮೊದಲು ಕೀಮೋ ಕೊಟ್ಟು ಗಡ್ಡೆ ಚಿಕ್ಕದಾಗಲಿ ಅಂತ ಕಾಯುತ್ತಾ ಕೂತರೆ ಹೆಚ್ಚಾಗಿ ಚಿಕ್ಕದೂ ಆಗುವುದಿಲ್ಲ, ಆಪರೇಷನ್ನೂ ಮುಂದೆ ಹೋಗುತ್ತದೆ, 58ರ ಹೆಂಗಸಿಗೆ ಕೂದಲು, ವಾಂತಿ, ರಕ್ತ ಕಡಿಮೆ ಆಗುವುದು ಎಲ್ಲ ಲಾಭವಿಲ್ಲದೆ ಬರುತ್ತದೆ. ಅಮೆರಿಕದ ಕ್ಯಾನ್ಸರ್ ಆಸ್ಪತ್ರೆಗಳ ಒಕ್ಕೂಟವಾದ ಎನ್‌ಸಿಸಿಎನ್ ಮಾರ್ಗಸೂಚಿಯಲ್ಲೂ ಅಡಿನಾಯ್ಡ್ ಸಿಸ್ಟಿಕ್, ಸೆಕ್ರೀಟರಿ (ಇದೂ ಅಪರೂಪದ ಇನ್ನೊಂದು ಗಡ್ಡೆ) ಕಾರ್ಸಿನೋಮಗಳನ್ನು ಉಳಿದ ಟ್ರಿಪಲ್ ನೆಗೆಟಿವ್‌ನಿಂದ ಬೇರೆಯೇ ಇಟ್ಟಿದ್ದಾರೆ.

ಪಡುಬಿದ್ರಿ ಬೀಚ್

ಮಧ್ಯದಲ್ಲಿ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನ ತಂಗಿಗೆ ಸ್ತನದಲ್ಲಿ ಫಿಲ್ಲೋಡಿಸ್ ಅಂತ ಗಡ್ಡೆ ಬಂದಿದೆ. ಇದೂ ಇದೇ ತರದ ಅಪರೂಪದ್ದಾ?

ಮೈಕ್ರೋಸ್ಕೋಪ್ ಮಾಮ

ಅದು ಬೇರೆ ದಾರಿ. ಅಡಿನಾಯ್ಡ್ ಸಿಸ್ಟಿಕ್ ಗ್ರಂಥಿಯ ಕೋಶಗಳಿಂದ ಹುಟ್ಟುವುದು. ಫಿಲ್ಲೋಡಿಸ್‌ನಲ್ಲಿ ತೊಂದರೆ ಕೊಡುವುದು ಗ್ರಂಥಿಯ ನಡುವಿನ ನಾರಿನ ಭಾಗ. ಅದರಲ್ಲಿ ಸಾದಾ, ನಡುವಿನದ್ದು, ಮಾರಕ ಅಂತ ಮೂರು ಮಟ್ಟ. ಹೆಚ್ಚಿನವು ಸಾದಾ. ಅಲ್ಲಿ ಗೊಂದಲ ಆಗುವುದು ಫೈಬ್ರೋಅಡಿನೋಮ ಎಂಬ ಕ್ಯಾನ್ಸರ್ ಅಲ್ಲದ ಗಡ್ಡೆಯ ಜೊತೆ, ಮಾರಕ ಆದರೆ ಮೆಟಾಪ್ಲಾಸ್ಟಿಕ್ ಕಾರ್ಸಿನೋಮ ಎಂಬ ಅಪರೂಪದ ಸ್ತನ ಕ್ಯಾನ್ಸರಿನ ಜೊತೆ. ಬೇರೆ ಎಳೆ ಶುರು ಮಾಡಿ, ಅಲ್ಲಿ ಬರೆಯುತ್ತೇನೆ. ಇಲ್ಲಿ ಎರಡೂ ಕಲಸಿದರೆ ಮುಂದೆ ಓದುವವರಿಗೆ ಕಷ್ಟ.

ಬಾರ್ಕೂರು ಹುಡುಗಿ

ಸ್ವಲ್ಪ ಸಮಯದ ನಂತರ ಬರೆಯುತ್ತಿದ್ದೇನೆ. ಸಿಸ್ಟರ್ ಹೇಳಿದ ಹಾಗೆ ಸೀದಾ ಸಹಿ ಹಾಕಿದ ಡಾಕ್ಟರರನ್ನೇ ಕಂಡೆ. ಚಿಕ್ಕ ವಯಸ್ಸಿನ ಹೆಂಗಸು. ಬೇರೆಯವರೂ ನೋಡಿದರೆ ನನಗೂ ಒಳ್ಳೆಯದೇ ಅಂತ ಅವರೇ ಬ್ಲಾಕ್ ತೆಗೆಸಿ ಕೊಟ್ಟರು. ಮುಂಬೈಗೆ ಹೋಗಲಿಲ್ಲ, ಇಲ್ಲೇ ಒಂದು ಕಡೆ ಕೊಟ್ಟೆವು.

ಬಂದ ಉತ್ತರ: ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ, ಕ್ಲಾಸಿಕ್ ರೂಪ, ಅಂದರೆ ಮಾಮ ಹೇಳಿದ ಸಾಮಾನ್ಯ ರೂಪ. ಸಿಡಿ117 ಒಳಗಿನ ಕೋಶಗಳಲ್ಲಿ ಪಾಸಿಟಿವ್, ಪಿ63 ಗುಂಪಿನ ಒಳಗೆಲ್ಲ ಚದುರಿದೆ ಅಂತ ಬರೆದಿದ್ದರು. ಅದನ್ನು ಓದುವಾಗ ಮಾಮನ ಮಾತು ನೆನಪಾಯ್ತು. ಕಿ-67 ಕಡಿಮೆ, ಅಂದರೆ ಒಡೆಯುತ್ತಿರುವ ಕೋಶ ಕಡಿಮೆ ಅಂತೆ. ಇಆರ್ ಇನ್ನೊಮ್ಮೆ ಹಾಕಿದರು, ಆಗಲೂ ನೆಗೆಟಿವ್. ಆದರೆ ಸೂಜಿ ಚೂರಿನಲ್ಲಿ ಕಂಡದ್ದು ಇಷ್ಟು, ಪೂರ್ತಿ ಗಡ್ಡೆ ತೆಗೆದ ಮೇಲೆ ಸಾಲಿಡ್ ಭಾಗ ಉಂಟಾ ನೋಡಬೇಕು ಅಂತ ಕೊನೆಗೆ ಒಂದು ಸಾಲು.

ಮೊದಲು ಕೀಮೋ ಅಂದಿದ್ದ ಡಾಕ್ಟರರಿಗೆ ರಿಪೋರ್ಟ್ ತೋರಿಸಿದೆವು. ಅವರು ಎರಡು ಸಲ ಓದಿದರು, ಸರಿ, ಹಾಗಾದರೆ ಆಪರೇಷನ್ ಅಂದರು. ಒಂದು ಚೂರೂ ಬೇಸರ ಮಾಡಿಕೊಳ್ಳಲಿಲ್ಲ. ಗಂಟು ಮತ್ತು ಸುತ್ತಲಿನ ಅಂಚು ಮಾತ್ರ ತೆಗೆದರು, ಸ್ತನ ಉಳಿಯಿತು. ಕಂಕುಳಿನ ಸೆಂಟಿನೆಲ್ ನೋಡ್, ಅಂದರೆ ಕ್ಯಾನ್ಸರ್ ಹಬ್ಬಿದರೆ ಮೊದಲು ತಲುಪುವ ಗ್ರಂಥಿ, ತೆಗೆದು ನೋಡಿದರು, ಅದರಲ್ಲಿ ಇಲ್ಲ. ಅಂಚು ಕ್ಲಿಯರ್. ಸಾಲಿಡ್ ಭಾಗವೂ ಇಲ್ಲ. ಈಗ ರೇಡಿಯೇಷನ್ ನಡೆಯುತ್ತಾ ಇದೆ. ಮಳೆಗಾಲ, ದಿನಾ ಬಸ್ಸಿನಲ್ಲಿ ಹೋಗಿ ಬರುವುದು ಚಿಕ್ಕಮ್ಮನಿಗೆ ಸುಸ್ತು. ಕೀಮೋ ಬೇಡ, ಮಾತ್ರೆಯೂ ಬೇಡ ಅಂದಿದ್ದಾರೆ. ಇಆರ್ ಇಲ್ಲದ ಕಾರಣ ಹಾರ್ಮೋನ್ ತಡೆಯುವ ಮಾತ್ರೆ ಟಮೋಕ್ಸಿಫೆನ್‌ನಿಂದ ಉಪಯೋಗ ಇಲ್ಲವಂತೆ.

ಚಿಕ್ಕಪ್ಪ ಮಾತ್ರ ಇನ್ನೂ, ಕೀಮೋ ಕೊಡದೆ ಹೇಗೆ ಗುಣ ಆಗುತ್ತದೆ ಅಂತ ಕೇಳುತ್ತಾ ಇದ್ದಾರೆ.

ಕದ್ರಿ77

ಒಳ್ಳೆ ಸುದ್ದಿ. ಚಿಕ್ಕಪ್ಪನ ಪ್ರಶ್ನೆ ನನ್ನದೂ ಹೌದು, ಆದರೆ ಈಗ ಸುಮ್ಮನಿರುತ್ತೇನೆ. ಚಿಕ್ಕಮ್ಮನಿಗೆ ಚರ್ಮ ಉರಿ ಬಂದರೆ ಅವರಿವರು ಹೇಳಿದ ಎಣ್ಣೆ ಹಚ್ಚಬೇಡಿ, ರೇಡಿಯೇಷನ್‌ನವರನ್ನೇ ಕೇಳಿ. ಅತ್ತಿಗೆಗೆ ಎಣ್ಣೆ ಹಚ್ಚಿ ಜಾಸ್ತಿ ಆಗಿತ್ತು.

ಮೈಕ್ರೋಸ್ಕೋಪ್ ಮಾಮ

ತುಂಬಾ ಸಂತೋಷ. ಒಂದೇ ಮಾತು. ಐದು ವರ್ಷ ಆಯ್ತು ಅಂತ ಚೆಕಪ್ ಬಿಡಬೇಡಿ. ಈ ಗಡ್ಡೆ ತಡವಾಗಿಯೂ ವಾಪಸ್ ಬರಬಹುದು, ಕುಂದಾಪ್ರದವರು ಹೇಳಿದ್ದು ನೆನಪುಂಟಲ್ಲ. ಪ್ರತಿ ವರ್ಷದ ಮ್ಯಾಮೊಗ್ರಾಮ್ ಬಿಡಬೇಡಿ. ಬಹಳ ದಿನ ಕೆಮ್ಮು ಹೋಗದಿದ್ದರೆ ಈ ಹಳೆಯ ರಿಪೋರ್ಟನ್ನೂ ಜೊತೆಗೆ ತೆಗೆದುಕೊಂಡು ಹೋಗಿ. ಬ್ಲಾಕನ್ನು ಲ್ಯಾಬಿಗೆ ವಾಪಸ್ ಕೊಟ್ಟು ರಸೀದಿ ಇಟ್ಟುಕೊಳ್ಳಿ, ಮುಂದೆ ಬೇಕಾದೀತು.

ಪಡುಬಿದ್ರಿ ಬೀಚ್

ತಂಗಿಯ ಬ್ಲಾಕ್ ನಾನೂ ಕೇಳಬೇಕು. ಅರ್ಜಿ ಹೇಗೆ ಬರೆದಿರಿ ಅಂತ ಸ್ವಲ್ಪ ಹೇಳಬಹುದಾ ಅಕ್ಕ?

ಬಾರ್ಕೂರು ಹುಡುಗಿ

ನಾನು ಬರೆದದ್ದು ಇಷ್ಟೇ, ಹೆಸರು ನಂಬರ್ ಬದಲಿಸಿಕೊಳ್ಳಿ:

"ಪೆಥಾಲಜಿ ವಿಭಾಗದ ಮುಖ್ಯಸ್ಥರಿಗೆ. ನನ್ನ ಬಯಾಪ್ಸಿ ನಂಬರ್ ಇಂಥದ್ದು, ದಿನಾಂಕ ಇಂಥದ್ದು. ಚಿಕಿತ್ಸೆ ತೀರ್ಮಾನಿಸಲು ಎರಡನೇ ಅಭಿಪ್ರಾಯ ಬೇಕಾಗಿದೆ. ದಯವಿಟ್ಟು ಎಲ್ಲ ಸ್ಲೈಡ್‌ಗಳನ್ನೂ (ಐಎಚ್‌ಸಿ ಸ್ಲೈಡ್ ಸೇರಿ), ಪ್ಯಾರಾಫಿನ್ ಬ್ಲಾಕನ್ನೂ, ರಿಪೋರ್ಟಿನ ಪ್ರತಿಯನ್ನೂ ಕೊಡಬೇಕಾಗಿ ವಿನಂತಿ. ಕೆಲಸ ಮುಗಿದ ಮೇಲೆ ಬ್ಲಾಕನ್ನು ಹಿಂತಿರುಗಿಸುತ್ತೇನೆ. ನನ್ನ ಪರವಾಗಿ ಇವುಗಳನ್ನು ಪಡೆಯಲು ಅಕ್ಕನ ಮಗಳಿಗೆ ಒಪ್ಪಿಗೆ ಕೊಟ್ಟಿದ್ದೇನೆ."

ಕೆಳಗೆ ಚಿಕ್ಕಮ್ಮನ ಸಹಿ. ಜೊತೆಗೆ ಅವರ ಆಧಾರ್ ಜೆರಾಕ್ಸ್, ನನ್ನದೂ ಒಂದು. ಪೇಷಂಟಿನ ಸಹಿ ಇಲ್ಲದೆ ಕೊಡುವುದಿಲ್ಲ, ತಂಗಿಯ ಹತ್ತಿರ ಮೊದಲೇ ಹಾಕಿಸಿಕೊಂಡು ಹೋಗಿ. ಮಧ್ಯಾಹ್ನ ಊಟದ ಹೊತ್ತಿಗೆ ಹೋಗಬೇಡಿ, ಬ್ಲಾಕ್ ಹುಡುಕಿ ಕೊಡುವ ಟೆಕ್ನಿಷಿಯನ್ ಇರುವುದಿಲ್ಲ.